ಅಪ್ಪ ಕಪಟಿಯ ಪಾತ್ರ ಮಾಡಿದ ಕ್ರಿಸ್‌ಮಸ್

ನಮ್ಮ ಮನೆಯಲ್ಲಿ ಊಟಕ್ಕೆ ಮೊದಲು ಕಣ್ಣು ಮುಚ್ಚಬೇಕಿತ್ತು. ಅಪ್ಪ ಪ್ರಾರ್ಥನೆ ಮುಗಿಸಿ ಆಮೆನ್ ಅನ್ನುವ ತನಕ ತೆರೆಯುವ ಹಾಗಿರಲಿಲ್ಲ. ತೆರೆದರೆ ಯಾರಿಗೆ ಗೊತ್ತಾಗುತ್ತದೆ ಎಂಬ ಯೋಚನೆ ನನಗೆ ಬಂದದ್ದು ಎರಡನೇ ಕ್ಲಾಸಿನಲ್ಲೋ ಮೂರನೆಯದರಲ್ಲೋ ಇರುವಾಗ. ಒಂದು ಮಧ್ಯಾಹ್ನ ತೆರೆದೇಬಿಟ್ಟೆ. ಅಜ್ಜಿಯ ಕಣ್ಣು ಬಿಗಿಯಾಗಿ ಮುಚ್ಚಿತ್ತು, ರೆಪ್ಪೆಯ ಸುತ್ತಲಿನ ಸುಕ್ಕುಗಳೆಲ್ಲ ಒತ್ತಾಗಿ ಕೂಡಿಕೊಂಡಿದ್ದವು. ಅಮ್ಮನದೂ ಮುಚ್ಚಿತ್ತು, ಆದರೆ ಅವಳ ಕಿವಿ ಒಲೆಯ ಮೇಲಿನ ಹಾಲಿನ ಕಡೆಗಿದೆ ಎಂದು ಕತ್ತು ವಾಲಿದ ರೀತಿಯಲ್ಲೇ ತಿಳಿಯುತ್ತಿತ್ತು. ಅಪ್ಪನ ಕಣ್ಣು ತೆರೆದಿತ್ತು. ಬಾಯಿ ದೇವರಿಗೆ ಸ್ತೋತ್ರ ಹೇಳುತ್ತಿತ್ತು, ಕಣ್ಣು ಕಿಟಕಿಯಾಚೆ ಪಕ್ಕದ ಮನೆಯ ಜುಬೇದಾ ಖಾಲಾ ಒಣಹಾಕಿದ್ದ ಬಟ್ಟೆಗಳನ್ನು ನೋಡುತ್ತಿತ್ತು. ನಾನು ನೋಡಿದ್ದು ಗೊತ್ತಾದಾಗ ಅವರು ಬೆಚ್ಚಲಿಲ್ಲ, ಗದರಲೂ ಇಲ್ಲ. ಮಾತಿನ ಒಂದು ಅಕ್ಷರವೂ ಎಡವದಂತೆ, ಹುಬ್ಬು ಸ್ವಲ್ಪ ಮೇಲೆತ್ತಿ, ಕಣ್ಣು ಮುಚ್ಚು ಎಂದು ಸನ್ನೆ ಮಾಡಿದರು. ನಾನು ಮುಚ್ಚಿದೆ. ಇಷ್ಟು ವಯಸ್ಸಾದ ಮೇಲೂ ಊಟಕ್ಕೆ ಕೂತು ಕಣ್ಣು ಮುಚ್ಚಿದಾಗ ಒಮ್ಮೊಮ್ಮೆ ಆ ಹುಬ್ಬು ಕಾಣುತ್ತದೆ.

ಆ ಮನೆ ಇದ್ದದ್ದು ಶಿಕಾರಿಪುರದಲ್ಲಿ, ಮಂಡಿಗೆ ಹೋಗುವ ರಸ್ತೆಯಿಂದ ಒಳಕ್ಕೆ ತಿರುಗಿದ ಒಂದು ಓಣಿಯಲ್ಲಿ. ಮೆಕ್ಕೆಜೋಳದ ಸುಗ್ಗಿಯಲ್ಲಿ ಲಾರಿಗಳ ಧೂಳು ನಮ್ಮ ಹೊಸಿಲಿನ ತನಕ ಬರುತ್ತಿತ್ತು. ಒಂದರ ಹಿಂದೊಂದು ಕೋಣೆ, ರೈಲಿನ ಡಬ್ಬಿಗಳ ಹಾಗೆ. ಮುಂದಿನ ಕೋಣೆ ವಾರದ ದಿನಗಳಲ್ಲಿ ಅಪ್ಪನ ಟೈಪಿಂಗ್ ಇನ್‌ಸ್ಟಿಟ್ಯೂಟ್. ಕಾಲೇಜು ಮುಗಿಸಿದ ಹುಡುಗ ಹುಡುಗಿಯರು ಬೆಳಿಗ್ಗೆಯಿಂದ ಸಂಜೆಯವರೆಗೆ ಅಲ್ಲಿ ಕೂತು ಕುಟ್ಟುತ್ತಿದ್ದರು. ಆ ಸದ್ದಿಗೆ ನಾವೆಲ್ಲ ಎಷ್ಟು ಒಗ್ಗಿದ್ದೆವೆಂದರೆ ಅದು ನಿಂತಾಗಲೇ ಅಜ್ಜಿಗೆ ಎಚ್ಚರವಾಗುತ್ತಿತ್ತು. ಶನಿವಾರ ಸಂಜೆ ಟೈಪ್‌ರೈಟರುಗಳಿಗೆಲ್ಲ ಬಟ್ಟೆಯ ಟೊಪ್ಪಿಗೆ ಹಾಕಿ ನಡುವಿನ ಕೋಣೆಗೆ ಸಾಗಿಸುತ್ತಿದ್ದೆವು. ಅಜ್ಜಿಯ ಮಂಚದ ಸುತ್ತ ಅವು ಕಾವಲು ಕೂತ ಹಾಗೆ ಕೂರುತ್ತಿದ್ದವು. ಮುಂದಿನ ಕೋಣೆ ಗುಡಿಸಿ, ಒರೆಸಿ, ಚಾಪೆ ಹಾಸಿ, ಗೋಡೆಗೆ ಮರದ ಶಿಲುಬೆ ನೇತುಹಾಕಿದರೆ ಅದೇ ನಮ್ಮ ಸಭೆ. ಊರಿನಲ್ಲಿ ನಮ್ಮವರ ಮನೆಗಳು ಕೈಬೆರಳೆಣಿಕೆಯಷ್ಟು. ಕಟ್ಟಿದ ಚರ್ಚು ಆಗಿನ್ನೂ ಇರಲಿಲ್ಲ. ಶಿವಮೊಗ್ಗದಿಂದ ಸಭಾಪಾಲಕರು ತಿಂಗಳಿಗೊಮ್ಮೆ ಬೆಳಗಿನ ಬಸ್ಸಿಗೆ ಬರುತ್ತಿದ್ದರು. ಉಳಿದ ಭಾನುವಾರಗಳಲ್ಲಿ ಪ್ರಾರ್ಥನೆ ನಡೆಸುತ್ತಿದ್ದವರು ಅಪ್ಪ. ಅವರಿಗಿಂತ ಮೊದಲು ಅಜ್ಜ ನಡೆಸುತ್ತಿದ್ದರಂತೆ.

ಒಲೆಯ ಮನೆ ಎಲ್ಲಕ್ಕಿಂತ ಹಿಂದೆ. ಅಲ್ಲಿ ಅಜ್ಜಿಗೂ ಅಮ್ಮನಿಗೂ ದಿನವೂ ಒಂದು ಸಣ್ಣ ಜಗಳ ಇರಲೇಬೇಕಿತ್ತು. ಅಜ್ಜಿ ಬಯಲುಸೀಮೆಯ ಕಡೆಯವಳು, ಜೋಳದ ರೊಟ್ಟಿ ತಟ್ಟಿದರೆ ಸದ್ದು ಓಣಿಯ ತುದಿಗೆ ಕೇಳಬೇಕು. ಅಮ್ಮ ಸೊರಬದವಳು, ಅನ್ನ ಕಾಣದ ಊಟ ಅವಳಿಗೆ ಊಟವೇ ಅಲ್ಲ. ಅಜ್ಜಿ ರೊಟ್ಟಿ ಹಾಕುವಾಗ ಅಮ್ಮ ಮೂಗು ಮುರಿಯುತ್ತಿದ್ದಳು.

“ಎಂತ ಇದು, ಹೆಂಚು ತಿಂದಂಗೆ ಇರ್ತದಪ್ಪ.”

“ಹಲ್ಲಿದ್ದೋರು ತಿಂತಾರೆ. ನಿಮ್ಮೂರಾಗೆ ಎಲ್ಲಾ ನುಂಗೋರೇ ಅಲ್ಲೇನು?”

ಅಪ್ಪ ಇಬ್ಬರದನ್ನೂ ಹೊಗಳಿ ಎರಡನ್ನೂ ತಿನ್ನುತ್ತಿದ್ದರು. ಇಬ್ಬರೂ ಅವರನ್ನು ನಂಬುತ್ತಿರಲಿಲ್ಲ, ಇಬ್ಬರಿಗೂ ಅದರಿಂದ ಸಂತೋಷವಾಗುತ್ತಿತ್ತು. ಆ ಮನೆಯಲ್ಲಿ ನನಗೆ ಕೊರತೆಯೆಂದು ನೆನಪಾಗುವುದು ಯಾವುದೂ ಇಲ್ಲ. ಇದ್ದ ಒಂದೇ ಕೊರತೆ ನಾನು ಹುಟ್ಟುವ ಮೊದಲೇ ಆಗಿಹೋದದ್ದು. ಅಪ್ಪನ ತಮ್ಮ, ಪ್ರಸನ್ನ ಚಿಕ್ಕಪ್ಪ, ಸೊರಬ ತಾಲ್ಲೂಕಿನ ಕಾಡಂಚಿನ ಊರೊಂದರಲ್ಲಿ ಮೇಷ್ಟ್ರಾಗಿದ್ದ. ಕ್ಯಾಸನೂರಿನ ಆಸುಪಾಸಿನವರಿಗೆ ಮಂಗನ ಕಾಯಿಲೆ ಅಂದರೆ ಬಿಡಿಸಿ ಹೇಳಬೇಕಾಗಿಲ್ಲ. ಶಾಲೆಯ ಹಿಂದೆ ಸತ್ತು ಬಿದ್ದಿದ್ದ ಮಂಗನನ್ನು ಮಕ್ಕಳು ಮುಟ್ಟದಿರಲಿ ಎಂದು ತಾನೇ ದೂರ ಎಳೆದು ಹಾಕಿದನಂತೆ. ಅದರ ಮೈಯ ಉಣ್ಣೆ ಇವನಿಗೆ ಹತ್ತಿ ಕಚ್ಚಿತು, ಆ ಜ್ವರ ಬಂತು. ಶಿವಮೊಗ್ಗದ ಆಸ್ಪತ್ರೆಯಲ್ಲಿ ಮಂಚದ ಪಕ್ಕ ಕೂತು ಪ್ರಾರ್ಥಿಸಿದವರು ಅಪ್ಪ. ಅಜ್ಜಿಗೆ ಕಾಲುನೋವು, ಹೋಗಲಾಗಿರಲಿಲ್ಲ. ಅಪ್ಪ ಒಬ್ಬರೇ ಬಸ್ಸಿಳಿದು ಮನೆಗೆ ಬಂದರು. ಅಂದಿನಿಂದ ನಮ್ಮ ಊಟದ ಪ್ರಾರ್ಥನೆಗೆ ಒಂದು ಸಾಲು ಸೇರಿಕೊಂಡಿತು: ನಮ್ಮ ನಡುವಿನಿಂದ ಕರೆದುಕೊಂಡವನನ್ನು ನಿನ್ನ ಮಗ್ಗುಲಲ್ಲಿ ಇಟ್ಟುಕೊಂಡಿರುವ ಕರ್ತನೇ. ಆ ಸಾಲು ಬಂದಾಗ ಅಜ್ಜಿ ಒಂದು ಉಸಿರು ಬಿಡುತ್ತಿದ್ದಳು. ಅದು ದಿನಕ್ಕೆ ಎರಡು ಹೊತ್ತು ಅವಳು ಮಗನನ್ನು ನೋಡಿಬರುವ ಹೊತ್ತು. ಇದೆಲ್ಲ ನನಗೆ ಆಮೇಲೆ ತಿಳಿದದ್ದು. ಆಗ ನನಗೆ ತಿಳಿದಿದ್ದು, ಆ ಸಾಲು ಬಂದರೆ ಊಟಕ್ಕೆ ಇನ್ನು ಹೆಚ್ಚು ಹೊತ್ತಿಲ್ಲ ಎಂಬುದಷ್ಟೇ.

ನಾನು ಹೇಳಹೊರಟ ವರ್ಷ ಅಜ್ಜಿಗೆ ಒಂದು ಆಸೆ ಹುಟ್ಟಿತು, ಅಪ್ಪ ಸಭೆಯ ಹಿರಿಯರಾಗಬೇಕು ಅಂತ. ಅಜ್ಜ ಆಗಿದ್ದರು, ಮಗನೂ ಆಗಬೇಕು. ಸಭಾಪಾಲಕರಿಗೆ ಹೇಳಿಕಳಿಸಿದಳು. ಹೊಸ ವರ್ಷದ ಮೊದಲ ಭಾನುವಾರ ನೇಮಕ ಎಂದು ಅವರೂ ಒಪ್ಪಿದರು. ಅದೇನು ದೊಡ್ಡ ಕಾರ್ಯಕ್ರಮವಲ್ಲ. ಎಲ್ಲರ ಮುಂದೆ ನಿಲ್ಲಬೇಕು, ಪೂರ್ಣ ಮನಸ್ಸಿನಿಂದ ನಂಬುತ್ತೀಯಾ ಎಂದು ಸಭಾಪಾಲಕರು ಕೇಳುತ್ತಾರೆ, ನಂಬುತ್ತೇನೆ ಎಂದು ಹೇಳಬೇಕು. ಅಷ್ಟೇ. ಅಜ್ಜಿ ಬಿಳಿ ಜುಬ್ಬಾ ಹೊಲಿಸಿ ಟ್ರಂಕಿನಲ್ಲಿಟ್ಟಳು. ಓಣಿಗೆಲ್ಲ ಹೇಳಿದಳು. ಅಪ್ಪ ಮಾತ್ರ ಕೇಳಿದಾಗಲೆಲ್ಲ “ನೋಡೋಣಮ್ಮ” ಅನ್ನುತ್ತಿದ್ದರು. ಆ ಮಾತು ಅಜ್ಜಿಗೆ ವಿನಯದ ಹಾಗೆ ಕೇಳುತ್ತಿತ್ತು. ಕಿಟಕಿಯಾಚೆ ನೋಡುವ ಕಣ್ಣನ್ನು ಕಂಡಿದ್ದ ನನಗೆ ಮಾತ್ರ ಭಯ. ಅಪ್ಪ ಎಲ್ಲರೆದುರು ನಿಂತು ಸುಳ್ಳು ಹೇಳುತ್ತಾರಾ? ಹೇಳದಿದ್ದರೆ ಅಜ್ಜಿ ಏನಾಗುತ್ತಾಳೆ? ರಾತ್ರಿ ಮಲಗುವಾಗ ಟ್ರಂಕಿನ ಕಡೆ ಬೆನ್ನು ಮಾಡಿ ಮಲಗುತ್ತಿದ್ದೆ.

ಅದೇ ಡಿಸೆಂಬರಿನಲ್ಲಿ ಅಪ್ಪ ಒಂದು ಹೊಸ ವಿಚಾರ ತೆಗೆದರು. ಪ್ರತಿ ಕ್ರಿಸ್‌ಮಸ್ಸಿಗೆ ಯೇಸು ಹುಟ್ಟಿದ ಗೋದಲಿಯ ನಾಟಕ, ಅದೇ ಕುರುಬರು, ಅದೇ ಜ್ಞಾನಿಗಳು. ಈ ಸಲ ನಗುವ ನಾಟಕ ಆಡೋಣ ಎಂದರು. ದೂರದ ಊರಿನ ಮಿಷನ್ ಕಾಲೇಜಿನಲ್ಲಿ ಓದುವಾಗ ಯಾವುದೋ ಪರದೇಶದ ಹಳೆಯ ಪ್ರಹಸನ ನೋಡಿದ್ದರಂತೆ. ಹೆಸರು ಮರೆತಿತ್ತು. ಕಥೆಯೂ ಅರ್ಧ ಮರೆತಿತ್ತು, ಮರೆತ ಅರ್ಧವನ್ನು ನಮ್ಮ ಮನೆಯಿಂದಲೇ ತುಂಬಿದರು. ಒಬ್ಬ ಒಳ್ಳೆಯ ಯಜಮಾನ, ಬೀದಿಯಲ್ಲಿ ಗಟ್ಟಿಯಾಗಿ ಪ್ರಾರ್ಥಿಸುವ ಒಬ್ಬನನ್ನು ಕಂಡು ಮರುಳಾಗಿ ಮನೆಗೆ ಕರೆತರುತ್ತಾನೆ. ಆ ಭಕ್ತ ಎಲ್ಲರಿಗೂ ಕಣ್ಣು ಮುಚ್ಚಿಸಿ ಉದ್ದುದ್ದ ಪ್ರಾರ್ಥನೆ ಮಾಡುತ್ತ, ಎಲ್ಲರ ಎಲೆಯ ಮೇಲಿನ ಕೋಳಿಯ ತುಂಡುಗಳನ್ನು ತನ್ನ ಎಲೆಗೆ ಸಾಗಿಸಿಕೊಳ್ಳುತ್ತಾನೆ. ಕೊನೆಗೆ ಮನೆಯ ಮಗಳು ಕಣ್ಣು ತೆರೆದು ಕೂಗುತ್ತಾಳೆ, ಪೊರಕೆ ಹಿಡಿದು ಅವನನ್ನು ಓಡಿಸುತ್ತಾರೆ.

ಯಜಮಾನನ ಪಾತ್ರಕ್ಕೆ ಕಾಲೇಜಿನ ಅಟೆಂಡರ್ ಯೋಬಣ್ಣ. ನಮ್ಮ ಸಭೆಯಲ್ಲಿ ಅವನಷ್ಟು ನೇರ ಮನುಷ್ಯ ಇನ್ನೊಬ್ಬನಿರಲಿಲ್ಲ. ಮಗಳ ಪಾತ್ರಕ್ಕೆ ನಾನು. ಭಕ್ತನ ಪಾತ್ರ ಯಾರಿಗೂ ಬೇಡ.

“ದೇವರ ಹೆಸರಲ್ಲಿ ಕಳ್ಳತನ ಮಾಡೋ ಪಾರ್ಟು ನಂಗ್ಯಾಕ್ರೀ?” ಎಂದು ಎಲ್ಲರೂ ಜಾರಿಕೊಂಡರು.

“ನಾನೇ ಮಾಡ್ತೀನಿ,” ಎಂದರು ಅಪ್ಪ.

“ನೀವಾ? ಹಿರೀರಾಗೋರು?”

“ಆಗೋದು ಹೊಸ ವರ್ಷಕ್ಕೆ ಯೋಬಣ್ಣ. ಅಲ್ಲೀತನಕ ಕಪಟಿಯಾಗಿರ್ತೀನಿ ಬಿಡ್ರಿ.”

ಎಲ್ಲರೂ ನಕ್ಕರು. ಅಜ್ಜಿಯೂ ನಕ್ಕಳು. ಟೈಪಿಂಗ್ ಕಲಿಯುವವರು ಹೋದ ಮೇಲೆ ಸಂಜೆಗಳಲ್ಲಿ ಅಭ್ಯಾಸ ನಡೆಯುತ್ತಿತ್ತು. ಅಪ್ಪನ ಹೊಸ ಮುಖವನ್ನು ನಾನು ನೋಡಿದ್ದು ಆಗ. ಕುತ್ತಿಗೆ ಒಂದು ಪಕ್ಕಕ್ಕೆ ಬಾಗಿಸಿ, ಸ್ವರಕ್ಕೆ ಜೇನು ಸವರಿ, ಯಜಮಾನನ ಹೆಗಲ ಮೇಲೆ ಕೈಯಿಡುವಾಗ ಅವನ ಜೇಬನ್ನೂ ಒಮ್ಮೆ ಸವರುತ್ತಿದ್ದರು. ಜುಬೇದಾ ಖಾಲಾ ತನ್ನ ಗಂಡ ಕಲಾಯಿ ಹಾಕಿಟ್ಟ ದೊಡ್ಡ ಪಾತ್ರೆಯೊಂದನ್ನು ನಾಟಕದ ಅಡುಗೆಗೆಂದು ತಂದುಕೊಟ್ಟಳು, ಹಾಗೇ ಬಾಗಿಲಲ್ಲೇ ಕೂತು ನೋಡಿ ಬಿದ್ದು ಬಿದ್ದು ನಗುತ್ತಿದ್ದಳು.

“ಅರೆ ಆನಂದಪ್ಪೋರೆ, ನಮ್ಮ ಕಡೀನೂ ಒಬ್ಬ ಇದಾನ್ರೀ ಹಿಂಗೇ. ಅವನ ಹೆಸರು ಹೇಳೋದಿಲ್ಲ ನಾನು. ನೀವು ಅವನ್ನ ಎಲ್ಲಿ ನೋಡಿದ್ರಿ?”

ಒಂದೇ ಒಂದು ತೊಡಕಿತ್ತು. ಊಟದ ದೃಶ್ಯದಲ್ಲಿ ಪ್ರಾರ್ಥನೆ ಬರುವ ಜಾಗಕ್ಕೆ ಮುಟ್ಟಿದ ಕೂಡಲೇ ಯೋಬಣ್ಣ ಕೈಯೆತ್ತುತ್ತಿದ್ದ.

“ಇಲ್ಲಿ ಬಿಟ್ಟು ಮುಂದಿನದು ಮಾಡ್ರಿ. ಪ್ರಾರ್ಥನೇನ ರಿಹರ್ಸಲ್ ಮಾಡೋದು ನಂಗೆ ಸರಿ ಬರಲ್ಲ. ಅವತ್ತು ಒಂದ್ಸಲ ಹೇಳಿದ್ರೆ ಸಾಕು, ಕರ್ತ ಕ್ಷಮಿಸ್ತಾನೆ.”

ಅಪ್ಪ ಒಪ್ಪಿದರು. ಹಾಗಾಗಿ ಉಳಿದದ್ದನ್ನೆಲ್ಲ ಬಾಯಿಪಾಠವಾಗುವಷ್ಟು ಆಡಿದರೂ ಆ ಒಂದು ಪ್ರಾರ್ಥನೆಯನ್ನು ಯಾರೂ ಆಡಲಿಲ್ಲ, ಬರೆದಿಡಲೂ ಇಲ್ಲ. ನನಗೆ ಹೇಳಿಕೊಟ್ಟದ್ದು ಇಷ್ಟೇ: ಅಪ್ಪನ ಕೈ ನನ್ನ ಎಲೆಗೆ ಬಂದು ಕೋಳಿಯ ಕಾಲನ್ನು ಎತ್ತಿದಾಗ ಕಣ್ಣು ತೆರೆದು ಕೂಗಬೇಕು.

ಕ್ರಿಸ್‌ಮಸ್ ಸಂಜೆ ಮನೆಯ ಮುಂದಿನ ಅಂಗಳದಲ್ಲಿ ಬೆಂಚುಗಳನ್ನು ಜೋಡಿಸಿ, ಬೆಡ್‌ಶೀಟಿನ ಪರದೆ ಕಟ್ಟಿದೆವು. ಬೆಳಕು ಇನ್ನೂ ಇತ್ತು. ನಮ್ಮ ಸಭೆಯವರು ಮುಂದೆ ಕೂತರು, ಅಜ್ಜಿ ಎಲ್ಲರಿಗಿಂತ ಮುಂದೆ ಕುರ್ಚಿಯಲ್ಲಿ. ಓಣಿಯವರು ಹಿಂದೆ, ಜುಬೇದಾ ಖಾಲಾ ಮತ್ತು ಅವಳ ಮಕ್ಕಳು, ಎದುರು ಮನೆಯ ಕಾಳಿನ ವ್ಯಾಪಾರದ ಶಾಂತಕ್ಕ, ಇನ್ನೂ ಕೆಲವರು. ಮೊದಲ ಭಾಗ ಚೆನ್ನಾಗಿ ಹೋಯಿತು. ಅಪ್ಪ ಕತ್ತು ಬಾಗಿಸಿದ ಕೂಡಲೇ ಜನ ನಗಲು ಶುರು ಮಾಡಿದರು. ಆಮೇಲೆ ಬೆಂಚಿನ ಮೇಲೆ ಬಾಳೆಲೆಗಳನ್ನು ಹಾಸಿ ನಿಜವಾದ ಕೋಳಿಯನ್ನೇ ಬಡಿಸಿದರು. ಅಪ್ಪ ಎರಡೂ ಕೈ ಅಗಲಿಸಿ, “ಪ್ರಾರ್ಥನೆ ಮಾಡೋಣ” ಎಂದರು.

ಆಗ ಆದದ್ದನ್ನು ನಾವ್ಯಾರೂ ಎಣಿಸಿರಲಿಲ್ಲ. ನಮ್ಮ ಸಭೆಯವರೆಲ್ಲ ಎದ್ದು ನಿಂತರು. ಹೆಂಗಸರು ತಲೆಗೆ ಸೆರಗು ಎಳೆದುಕೊಂಡರು. ಎಲ್ಲರೂ ಕಣ್ಣು ಮುಚ್ಚಿದರು. ಅವರಿಗೆ ನಾಟಕವೆನ್ನುವುದು ಗೊತ್ತಿರಲಿಲ್ಲವೆಂದಲ್ಲ. ಪ್ರಾರ್ಥನೆ ಮಾಡೋಣ ಎಂಬ ಮಾತು ಅಪ್ಪನ ಬಾಯಿಂದ ಬಂದರೆ ಅವರ ಮೈ ಯೋಚಿಸದೆ ಮಾಡುತ್ತಿದ್ದ ಕೆಲಸ ಅದು. ವೇದಿಕೆಯ ಮೇಲೆ ಯೋಬಣ್ಣನೂ ಬಿಗಿಯಾಗಿ ಕಣ್ಣು ಮುಚ್ಚಿಕೊಂಡ. ಅಪ್ಪ ಒಂದು ಕ್ಷಣ ತಬ್ಬಿಬ್ಬಾದದ್ದು ನನಗೆ ಕಂಡಿತು. ನಾನು ಕಣ್ಣು ಮುಚ್ಚಬೇಕಿತ್ತು, ಮುಚ್ಚಿರಲಿಲ್ಲ. ನಂತರ ಅವರು ಪ್ರಾರ್ಥಿಸತೊಡಗಿದರು, ಕೈ ಯೋಬಣ್ಣನ ಎಲೆಗೆ ಹೋಯಿತು. ಹಿಂದಿನ ಸಾಲಿನಿಂದ ಜುಬೇದಾ ಖಾಲಾಳ ನಗು ಒಡೆಯಿತು. ಶಾಂತಕ್ಕ, ಮಕ್ಕಳು, ಓಣಿಯವರೆಲ್ಲ ಹೊಟ್ಟೆ ಹಿಡಿದು ನಗುತ್ತಿದ್ದರು. ಮುಂದಿದ್ದ ನಮ್ಮವರು ಕಣ್ಣು ತೆರೆಯದೆ, ಪ್ರಾರ್ಥನೆಯಲ್ಲಿ ನಗುತ್ತಾರಲ್ಲ ಎಂದು ಹುಬ್ಬು ಗಂಟಿಕ್ಕಿ, ಇನ್ನೂ ಭಕ್ತಿಯಿಂದ ತಲೆ ತಗ್ಗಿಸಿದರು.

ನನಗೆ ಕೇಳುತ್ತಿದ್ದ ಮಾತುಗಳು ನಾಟಕದವಲ್ಲ. ಬಾಯಿಗೆ ಸಿಕ್ಕ ಪ್ರಾರ್ಥನೆ ಹೇಳಲು ಹೋದ ಅಪ್ಪನಿಗೆ ಸಿಕ್ಕಿದ್ದು ನಮ್ಮ ಮನೆಯದೇ. ಅದೇ ಸ್ತೋತ್ರ, ಅದೇ ದಿನದ ಅನ್ನ, ಅದೇ ಏರಿಳಿತ. ಕೈ ಒಂದೊಂದೇ ಎಲೆ ದಾಟಿ ನನ್ನ ಎಲೆಗೆ ಬಂತು. ಕೋಳಿಯ ಕಾಲನ್ನು ಹಿಡಿಯಿತು. ಅದೇ ಹೊತ್ತಿಗೆ ಬಾಯಿ ಹೇಳಿತು: “ನಮ್ಮ ನಡುವಿನಿಂದ ಕರೆದುಕೊಂಡವನನ್ನು ನಿನ್ನ ಮಗ್ಗುಲಲ್ಲಿ ಇಟ್ಟುಕೊಂಡಿರುವ ಕರ್ತನೇ.” ಹೇಳಿ ಮುಗಿದ ಮೇಲೆ ಅಪ್ಪನಿಗೆ ತಾನು ಹೇಳಿದ್ದು ಕೇಳಿಸಿತು. ಕೈ ನನ್ನ ಎಲೆಯ ಮೇಲೆ ಗಾಳಿಯಲ್ಲೇ ನಿಂತಿತು. ನಾನು ಕೂಗಲಿಲ್ಲ. ಅಪ್ಪನ ಹೆಗಲಾಚೆ ಅಜ್ಜಿ ಕಾಣುತ್ತಿದ್ದಳು. ಅವಳ ಕಣ್ಣು ತೆರೆದಿತ್ತು. ಜೀವಮಾನದಲ್ಲಿ ಪ್ರಾರ್ಥನೆಯ ನಡುವೆ ಕಣ್ಣು ತೆರೆಯದ ಅಜ್ಜಿ, ಮಗನ ಮುಖವನ್ನೂ ಅವನ ಕೈಯಲ್ಲಿದ್ದ ಕೋಳಿಯ ಕಾಲನ್ನೂ ನೋಡುತ್ತಿದ್ದಳು.

“ಆಮೆನ್,” ಎಂದರು ಅಪ್ಪ. “ಆಮೆನ್,” ಎಂದಿತು ಸಭೆ. ಯೋಬಣ್ಣ ಕಣ್ಣು ಬಿಟ್ಟು ತನ್ನ ಬರಿದಾದ ಎಲೆ ನೋಡಿ, ನಾಟಕವನ್ನೇ ಮರೆತು ಕೇಳಿದ:

“ಆನಂದಪ್ಪೋರೆ, ಇಲ್ಲಿದ್ದದ್ದು ಏನಾತ್ರೀ?”

ಆಗ ನಮ್ಮವರಿಗೂ ಗೊತ್ತಾಯಿತು. ಎಷ್ಟು ನಕ್ಕರೆಂದರೆ ನಾನು ಕೂಗದಿದ್ದದ್ದು ಯಾರ ಗಮನಕ್ಕೂ ಬರಲಿಲ್ಲ. ಪೊರಕೆ ಬಂತು, ಅಪ್ಪ ಓಡಿದರು, ಪರದೆ ಬಿತ್ತು. ಕರ್ಜಿಕಾಯಿ, ಚಕ್ಕುಲಿ ಹಂಚಿದೆವು. ಅಂಥ ಕ್ರಿಸ್‌ಮಸ್ ಇನ್ನೊಂದು ಆಗಲಿಲ್ಲ ಎಂದು ಊರಿನಲ್ಲಿ ಉಳಿದವರು ಈಗಲೂ ಹೇಳುತ್ತಾರೆ.

ಜನ ಹೋದ ಮೇಲೆ ಒಲೆಯ ಮನೆಯಲ್ಲಿ ಅಮ್ಮ ಪಾತ್ರೆ ತೊಳೆಯುತ್ತಿದ್ದಳು, ನಾನು ಒರೆಸಿಡುತ್ತಿದ್ದೆ. ಅಪ್ಪ ಮುಖದ ಬಣ್ಣ ತೊಳೆಯಲು ಬಂದರು. ಅಜ್ಜಿ ಅವರ ಹಿಂದೆಯೇ ಬಂದು ಗೋಡೆಗೆ ಒರಗಿ ನಿಂತಳು.

“ಆ ಮಾತು ನಾಟಕದೊಳಗೆ ಯಾಕೆ ತಂದೆ?”

“ತರಲಿಲ್ಲಮ್ಮ. ತಾನಾಗೇ ಬಂತು.”

“ಅದು ತಾನಾಗೇ ಬರೋ ಮಾತೇನೋ?”

ಅಪ್ಪ ಟವಲಿನಿಂದ ಮುಖ ಒರೆಸಿಕೊಳ್ಳುತ್ತಲೇ ಇದ್ದರು, ಒರೆಸುವುದು ಮುಗಿದಿದ್ದರೂ.

“ಮನೇಲೂ ಹಂಗೇ ಬರ್ತದೇನು?”

“ಹೂಂ. ಹಂಗೇ ಬರ್ತದೆ.”

“ಯಾವಾಗಿಂದ?”

“ಅವನು ಹೋದಾಗಿಂದ.”

ಅಮ್ಮನ ಕೈಯಲ್ಲಿ ಪಾತ್ರೆ ನಿಂತಿತು.

“ಎಂತ ಮಾತಾಡ್ತಾ ಇದೀರಿ ನೀವು, ಹಬ್ಬದ ದಿವ್ಸ?”

ಅಜ್ಜಿ ಅವಳತ್ತ ನೋಡಲಿಲ್ಲ. ಅಪ್ಪನನ್ನೇ ನೋಡುತ್ತ, ತುಂಬ ಮೆಲ್ಲಗೆ ಕೇಳಿದಳು:

“ಹಂಗಾರೆ ಇಷ್ಟು ವರ್ಷ ನಾನು ಯಾರ ಕೂಡ ಆಮೆನ್ ಅಂದೆ?”

ಅಜ್ಜಿ ಹೋಗಿ ಮಲಗಿದಳು. ಅಮ್ಮ ಆ ಪಾತ್ರೆಯನ್ನು ಮತ್ತೊಮ್ಮೆ ಮೊದಲಿನಿಂದ ತೊಳೆದಳು.

ಮರುದಿನದಿಂದ ಊಟಕ್ಕೆ ಅಪ್ಪ ಪ್ರಾರ್ಥಿಸಲಿಲ್ಲ. ಅಜ್ಜಿ ತನ್ನ ತಟ್ಟೆಯ ಮುಂದೆ ತಾನೇ ಮನಸ್ಸಿನಲ್ಲಿ ಏನೋ ಹೇಳಿಕೊಂಡು ಊಟ ಮಾಡುತ್ತಿದ್ದಳು. ರೊಟ್ಟಿಯ ಬಗ್ಗೆ ಅಮ್ಮ ಏನೂ ಅನ್ನಲಿಲ್ಲ, ಅದೇ ನನಗೆ ಎಲ್ಲಕ್ಕಿಂತ ಕೆಟ್ಟದೆನ್ನಿಸಿತು. ಜುಬ್ಬಾ ಟ್ರಂಕಿನಲ್ಲೇ ಇತ್ತು. ಭಾನುವಾರ ಹತ್ತಿರ ಬರುತ್ತಿತ್ತು, ನೇಮಕ ಬೇಡವೆಂದು ಅಜ್ಜಿ ಯಾರಿಗೂ ಹೇಳಿಕಳಿಸಲಿಲ್ಲ. ಬೇಡವೆಂದು ಅಪ್ಪನೂ ಹೇಳಲಿಲ್ಲ. ಇಬ್ಬರೂ ಒಬ್ಬರನ್ನೊಬ್ಬರು ಕಾಯುತ್ತಿದ್ದರು ಎಂದು ಈಗ ಅನ್ನಿಸುತ್ತದೆ.

ಬಹಳ ವರ್ಷಗಳ ಮೇಲೆ, ನಾನೂ ಮಕ್ಕಳಿಗೆ ಊಟದ ಪ್ರಾರ್ಥನೆ ಹೇಳಿಕೊಡುವ ಕಾಲದಲ್ಲಿ, ಈ ವಿಷಯ ಅಪ್ಪನ ಜತೆ ಒಮ್ಮೆ ಮಾತಾಡಿದೆ. ಬೀದಿಯ ಮೂಲೆಯಲ್ಲಿ ನಿಂತು ಜನ ನೋಡಲೆಂದು ಪ್ರಾರ್ಥಿಸುವವರನ್ನು ಕರ್ತನು ಕಪಟಿಗಳೆಂದು ಕರೆಯುವ ಭಾಗವನ್ನು ಆ ವಾರದ ಸಭೆಯಲ್ಲಿ ಓದಿದ್ದೆವು. ನಾಟಕದ ಕಪಟಿ ಕೋಳಿಗಾಗಿ ಪ್ರಾರ್ಥಿಸಿದ, ನೀವು ಅಜ್ಜಿಗಾಗಿ ಪ್ರಾರ್ಥಿಸಿದಿರಿ, ಎರಡೂ ಒಂದೇ ಅಲ್ಲ ಎಂದು ಹೇಳಿದೆ. ಅಪ್ಪ ಒಪ್ಪಲಿಲ್ಲ.

“ಅವನ ಹತ್ರಾನೂ ಒಂದು ಕಾರಣ ಇದ್ದೇ ಇತ್ತಲ್ಲ ಮಗಳೇ. ಹಸಿವು ಇತ್ತು ಪಾಪ. ಕಾರಣ ಇಲ್ದೆ ಯಾರೂ ನಾಟಕ ಮಾಡಲ್ಲ.”

ಕಪಟಿಯನ್ನು ಪಾಪ ಎಂದವರನ್ನು ನಾನು ನೋಡಿದ್ದು ಅಪ್ಪನೊಬ್ಬರನ್ನೇ. ಇದರಲ್ಲಿ ಯಾರು ಸರಿ ಎಂದು ನನಗೆ ಇಂದಿಗೂ ಖಚಿತವಿಲ್ಲ.

ನೇಮಕದ ಭಾನುವಾರ ಅಪ್ಪ ಜುಬ್ಬಾ ಹಾಕಿಕೊಂಡರು. ಅಜ್ಜಿ ತೆಗೆದು ಕೊಟ್ಟಿರಲಿಲ್ಲ, ತಾವೇ ಟ್ರಂಕಿನಿಂದ ತೆಗೆದರು. ಹೇಳಿಬಿಡುತ್ತಾರೆ, ಎಲ್ಲರೆದುರು ನಂಬುತ್ತೇನೆ ಎಂದು ಹೇಳಿಬಿಡುತ್ತಾರೆ ಎಂದುಕೊಂಡೆ. ಸಭಾಪಾಲಕರು ಬಂದಿದ್ದರು, ಮುಂದಿನ ಕೋಣೆ ತುಂಬಿತ್ತು. ಅಮ್ಮ ಎಂದಿನಂತೆ ಒಲೆಯ ಮೇಲೆ ಅನ್ನಕ್ಕಿಟ್ಟು ಬಂದು ಬಾಗಿಲ ಬಳಿ ಕೂತಳು. ಕೀರ್ತನೆ, ವಾಚನ, ಪ್ರಸಂಗ ಎಲ್ಲ ಮುಗಿದ ಮೇಲೆ ಸಭಾಪಾಲಕರು ಅಪ್ಪನನ್ನು ಮುಂದಕ್ಕೆ ಕರೆದರು. ಪ್ರಶ್ನೆ ಕೇಳಿದರು.

ಅಪ್ಪ ಅಜ್ಜಿಯ ಕಡೆ ಒಮ್ಮೆ ನೋಡಿ, ಸಭಾಪಾಲಕರತ್ತ ತಿರುಗಿದರು.

“ಅಯ್ನೋರೆ,” ಎಂದರು ಅಪ್ಪ, “ಬಾಗಿಲು ತೆಗೀತೀನಿ, ಚಾಪೆ ಹಾಸ್ತೀನಿ, ಕೀರ್ತನೆ ಹಿಡೀತೀನಿ. ಅಷ್ಟು ಖಂಡಿತ ಮಾಡ್ತೀನಿ. ನೀವು ಕೇಳಿದ್ದಕ್ಕೆ ಹೌದು ಅನ್ನಕ್ಕೆ ನಂಗೆ ಇವತ್ತು ಆಗಲ್ಲ. ತಮ್ಮ ಹೋದಾಗಿಂದ ನಾನು ಬರೀ ಮಾತು ಹೇಳ್ತಾ ಇದೀನಿ. ಅಮ್ಮನಿಗೆ ಅದು ಗೊತ್ತು. ನಿಮಗೂ ಗೊತ್ತಿರಲಿ ಅಂತ ಬಂದೆ.”

ಟ್ರಂಕಿನಲ್ಲಿಟ್ಟ ಮಡಿಕೆಗಳು ಜುಬ್ಬಾದ ಮೇಲೆ ಗೆರೆ ಗೆರೆಯಾಗಿ ಕಾಣುತ್ತಿದ್ದವು. ಮೊದಲು ಎದ್ದವನು ಯೋಬಣ್ಣ. ಅವನ ಮುಖದಲ್ಲಿ ಸಿಟ್ಟಿರಲಿಲ್ಲ, ನಿಜವಾಗಿ ದಾರಿ ಕಾಣದವನ ಗೊಂದಲವಿತ್ತು.

“ಅಯ್ನೋರೆ, ನಾಟಕದಾಗೆ ಕಪಟೀನ ಪೊರಕೆ ತಗೊಂಡು ಓಡಿಸಿದ್ವಿ. ಈಗೇನ್ ಮಾಡೋದ್ರಿ?”

ಸಭಾಪಾಲಕರು ಬಾಯಿ ತೆರೆಯುವ ಮೊದಲೇ ಹಿಂದಿನಿಂದ ಅಜ್ಜಿಯ ದನಿ ಬಂತು.

“ಕೂತ್ಕೋ ಯೋಬಣ್ಣ. ಪೊರಕೆ ನಮ್ಮನೇದು. ಯಾವಾಗ ಎತ್ತಬೇಕು ಅಂತ ನಂಗೆ ಗೊತ್ತದೆ.”

ಯಾರೋ ಕಿಸಕ್ಕನೆ ನಕ್ಕರು. ಅದು ಒಬ್ಬರಿಂದ ಒಬ್ಬರಿಗೆ ಹಬ್ಬಿತು, ಯೋಬಣ್ಣನೂ ತಲೆ ಕೆರೆದುಕೊಳ್ಳುತ್ತ ಕೂತ. ಸಭಾಪಾಲಕರು ಕನ್ನಡಕ ತೆಗೆದು ಜೇಬಿನಲ್ಲಿಟ್ಟುಕೊಂಡರು. ನಾಟಕದವನನ್ನು ಬೇರೆಯವರು ಹಿಡಿಯಬೇಕಾಯಿತು, ಇವರು ತಾವೇ ಎದ್ದು ನಿಂತರು, ಅದಕ್ಕೆ ಪೊರಕೆಯ ಕೆಲಸವಿಲ್ಲ ಎಂದರು. ಹಿರಿಯರ ನೇಮಕ ಇವತ್ತಿಲ್ಲ, ಸಭೆ ಮಾತ್ರ ಮುಂದಿನ ವಾರವೂ ಇದೇ ಚಾಪೆಯ ಮೇಲೆ ಎಂದರು. ಆಮೇಲೆ ಅಪ್ಪನಿಗಾಗಿ ತುಂಬ ಹೊತ್ತು ಪ್ರಾರ್ಥಿಸಿದರು. ಅನ್ನ ಸೀದ ವಾಸನೆ ನಡುಮನೆ ದಾಟಿ ನಿಧಾನವಾಗಿ ಸಭೆಯೊಳಕ್ಕೆ ಬಂತು. ಎಲ್ಲರ ಮೂಗಿಗೂ ಬಡಿದಿತ್ತು, ಅಮ್ಮನ ಮುಖ ಕೆಂಪಾಗಿತ್ತು, ಪ್ರಾರ್ಥನೆ ಮುಗಿಯದೆ ಅವಳು ಏಳುವಂತಿರಲಿಲ್ಲ.

ಅಂದು ಎಲ್ಲರೂ ಹೋದ ಮೇಲೆ ನಾವು ಊಟಕ್ಕೆ ಕೂತೆವು. ಅಮ್ಮ ಮೇಲಿನ ಅನ್ನವನ್ನಷ್ಟೇ ಹುಷಾರಾಗಿ ತೆಗೆದು ಬಡಿಸಿ, ಪಾತ್ರೆಯನ್ನು ಸೆರಗಿನ ಮರೆಯಲ್ಲಿಟ್ಟುಕೊಂಡಳು. ಅಪ್ಪ ಜುಬ್ಬಾ ಬಿಚ್ಚಿ ಮಾಮೂಲಿ ಬನಿಯನ್ನಿನಲ್ಲಿದ್ದರು. ಊಟಕ್ಕೆ ಯಾರೂ ಕೈ ಹಾಕಲಿಲ್ಲ. ಅಜ್ಜಿ ಅಪ್ಪನ ಕಡೆ ತಿರುಗಿದಳು.

“ಪ್ರಾರ್ಥನೆ ಮಾಡು.”

“ನಾನಾ?”

“ಮತ್ಯಾರು? ಬರೋದನ್ನ ಹೇಳು. ಬರ್ದೇ ಇರೋದನ್ನ ಹೇಳಬೇಡ.”

ಅಜ್ಜಿ ಕಣ್ಣು ಮುಚ್ಚಿದಳು. ಅಮ್ಮ ಮುಚ್ಚಿದಳು. ನಾನು ಅಪ್ಪನನ್ನೇ ನೋಡುತ್ತಿದ್ದೆ. ಅವರು ಕಿಟಕಿಯ ಕಡೆ ನೋಡಲಿಲ್ಲ, ತಟ್ಟೆಯನ್ನು ನೋಡಿದರು.

“ಕರ್ತನೇ,” ಎಂದರು, ಟೈಪಿಂಗ್ ಕಲಿಯುವವರೊಡನೆ ಮಾತಾಡುವ ದನಿಯಲ್ಲಿ. “ಅನ್ನ ತಳ ಹಿಡಿದಿದೆ. ಅವಳ ತಪ್ಪಲ್ಲ, ನನ್ನಿಂದ ಹೊತ್ತಾಯಿತು.” ಅಮ್ಮನ ಸೆರಗಿನ ಮರೆಯ ಪಾತ್ರೆಯತ್ತ ನೋಡಿದರು. “ಪ್ರಸನ್ನ ಇದ್ದಿದ್ರೆ ತಳದ್ದೇ ಬೇಕು ಅಂತಿದ್ದ.”

ಆಮೆನ್ ಎನ್ನಲು ಯಾರಿಗೂ ತೋಚಲಿಲ್ಲ. ಅಜ್ಜಿ ಕಣ್ಣು ಮುಚ್ಚಿಕೊಂಡೇ, “ಹೌದು, ಅಂತಿದ್ದ” ಎಂದಳು. ಆಮೇಲೆ ಕಣ್ಣು ತೆರೆದು, ತಟ್ಟೆಯನ್ನು ಅಮ್ಮನ ಕಡೆ ಚಾಚಿದಳು.

“ಆ ಪಾತ್ರೆ ಮುಚ್ಚಿಡಬೇಡ. ತಳದ್ದು ನಂಗೂ ಒಂಚೂರು ಹಾಕು.”